ಹಿತ್ತಲಿನ ಒಂದು ಮೂಲೆ: ಡೇರೆಯೋ, ಹೆಗ್ಗೆಣಸೋ?

ನಮ್ಮ ಹಿತ್ತಲಲ್ಲಿ ಬಿಸಿಲು ಸರಿಯಾಗಿ ಬೀಳುವುದು ಒಂದೇ ಮೂಲೆಗೆ. ಬಾವಿಕಟ್ಟೆಯ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಈ ಮೂಲೆಗಾಗಿ ಪ್ರತಿ ಮೇ ತಿಂಗಳಲ್ಲೂ ಮನೆಯಲ್ಲಿ ಜಗಳ. ಅತ್ತೆಗೆ ಅಲ್ಲಿ ಡೇರೆ ಹೂವು, ಅಂದರೆ ಡಾಲಿಯಾ ಬೇಕು. ನಮ್ಮ ಯಜಮಾನರಿಗೆ ಹೆಗ್ಗೆಣಸು ಬೇಕು, ಬಳ್ಳಿಯ ಬುಡದಲ್ಲಿ ಮಣ್ಣೊಳಗೆ ಬಿಡುವ ದೊಡ್ಡ ಗೆಣಸು. ಮದುವೆಯಾಗಿ ಸಾಗರಕ್ಕೆ ಬಂದ ಹೊಸತರಲ್ಲಿ ನಾನು ಯಾರ ಪರವೂ ಮಾತಾಡದೆ ಸುಮ್ನೆ ಪಾತ್ರೆ ತೊಳೆಯುತ್ತಿದ್ದೆ. ಹದಿನಾಲ್ಕು ವರ್ಷ ಆಯಿತಲ್ಲ, ಈಗ ಹೇಳುವ ಧೈರ್ಯ ಬಂದಿದೆ.

ಯಜಮಾನರ ವಾದ ಒಂದೇ ಸಾಲಿನದ್ದು. "ಹೂವು ತಿನ್ನೋಕೆ ಬರುತ್ತಾ?"

ಈಗ ಫೇಸ್‌ಬುಕ್ ತುಂಬಾ ಇದೇ ಮಾತು. ಇರುವ ಜಾಗದಲ್ಲಿ ತರಕಾರಿ ಬೆಳೆಯಿರಿ, ಗೆಡ್ಡೆ ಗೆಣಸು ಹಾಕಿ, ಹೂವಿಗೆ ಯಾಕೆ ನೀರು ದಂಡ ಅಂತ. ಕೇಳಿದರೆ ಹೌದು ಅನ್ನಿಸುತ್ತದೆ. ಆದರೆ ಡೇರೆಯನ್ನು ತಿನ್ನೋಕೆ ಬರುತ್ತದೆ! ಹೂವಲ್ಲ, ಗೆಡ್ಡೆ. ಡೇರೆಯ ತವರು ಮೆಕ್ಸಿಕೋ. ಅಲ್ಲಿನ ಮೂಲ ಜನ ಇದರ ಗೆಡ್ಡೆ ತಿನ್ನುತ್ತಿದ್ದರು. 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ಗೆ ಹೋಯಿತು. 1791ರಲ್ಲಿ ಅಲ್ಲಿನ ಕಾವಾನಿಯೆಸ್ ಎಂಬ ಸಸ್ಯಶಾಸ್ತ್ರಜ್ಞ ಇದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬುವನ ನೆನಪಿಗೆ ಡಾಲಿಯಾ ಅಂತ ಹೆಸರಿಟ್ಟ. ಪಾಪ, ಆ ಡಾಲ್ ತೀರಿಕೊಂಡು ಆಗಲೇ ಎರಡು ವರ್ಷ ಆಗಿತ್ತು. ಆಲೂಗಡ್ಡೆಯ ಹಾಗೆ ಇದನ್ನೂ ಊಟಕ್ಕೆ ತರೋಣ ಅಂತ ಯುರೋಪಿನವರು ನೋಡಿದರು. ಬಾಯಿಗೆ ಹಿಡಿಸಲಿಲ್ಲ. ಹೂವಿಗೆ ಮಾತ್ರ ಮರುಳಾದರು. 1963ರಲ್ಲಿ ಮೆಕ್ಸಿಕೋ ಇದನ್ನೇ ತನ್ನ ರಾಷ್ಟ್ರೀಯ ಹೂವು ಮಾಡಿಕೊಂಡಿತು. ಡಾಲಿಯಾ ನಮ್ಮ ಮಲೆನಾಡಿನ ಅಜ್ಜಿಯಂದಿರ ಬಾಯಲ್ಲಿ ಡೇರೆಯಾಯಿತು.

ಇಷ್ಟು ಓದಿದ ಮೇಲೆ ನಾನು ಸುಮ್ಮನಿರುತ್ತೇನಾ? ಒಂದು ಗೆಡ್ಡೆ ತೊಳೆದು, ಸಿಪ್ಪೆ ಹೆರೆದು, ಉಪ್ಪು ಹಾಕಿ ಬೇಯಿಸಿದೆ. ಸಪ್ಪೆ. ಬಲಿತ ಸೌತೆಕಾಯಿಗೆ ಮಣ್ಣಿನ ವಾಸನೆ ಬಂದ ಹಾಗೆ. ಇದರಲ್ಲಿ ಪಿಷ್ಟಕ್ಕಿಂತ ಇನುಲಿನ್ ಅನ್ನೋ ನಾರಿನಂಥ ಅಂಶ ಜಾಸ್ತಿ. ಅದು ನಮಗೆ ಜೀರ್ಣವಾಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆ ರಾತ್ರಿ ನನ್ನ ಹೊಟ್ಟೆಯೊಳಗೆ ಚಂಡೆ ಮದ್ದಲೆ ಎರಡೂ ಇತ್ತು. ನೀವು ಮಾಡಿ ನೋಡುವುದಾದರೆ ಅಂಗಡಿಯಿಂದ ತಂದ ಗೆಡ್ಡೆ ಬೇಡ. ಕೊಳೆಯದಿರಲಿ ಅಂತ ಔಷಧಿ ಸವರಿರುತ್ತಾರೆ.

ಯಜಮಾನರು ಇಷ್ಟಕ್ಕೆಲ್ಲ ಸೋಲುವವರಲ್ಲ. ಅದೇ ಮೆಕ್ಸಿಕೋದ, ಹೆಗ್ಗೆಣಸಿನ ಕುಲದ ಕಾಡುಗೆಣಸಿನಿಂದಲೇ 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದವನು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಿಸಿದ್ದು, ಮುಂದೆ ಗರ್ಭನಿರೋಧಕ ಮಾತ್ರೆಗೂ ಅದೇ ದಾರಿಯಾಯಿತು ಅಂತ ಹುಡುಕಿ ತಂದು ಓದಿ ಹೇಳಿದರು. ಅತ್ತೆ ಎದುರಿಗೇ ಕೂತಿದ್ದರು. "ಆಯ್ತು ಮಾರಾಯ, ಊಟ ಮಾಡು" ಅಂದರು.

ತಮಾಷೆ ಇರಲಿ. ಹೆಗ್ಗೆಣಸಿನ ಬಗ್ಗೆ ನನಗೆ ನಿಜವಾಗಲೂ ಗೌರವ ಇದೆ. ಕರಾವಳಿ ಕಡೆಯವರು ತೂಣಗೆಣಸು ಅನ್ನುತ್ತಾರಲ್ಲ, ಅದೇ. ನನಗೆ ಮೊದಲ ಸಲ ಬಳ್ಳಿ ತೋರಿಸಿದ್ದು ಯಜಮಾನರೇ. "ಕಣ್ಣು ಮುಚ್ಚಿ ದಂಟನ್ನ ಬೆರಳಲ್ಲಿ ಹಿಡಿದು ನೋಡು" ಅಂದರು. ದಂಟು ದುಂಡಗಿಲ್ಲ, ಚೌಕ. ನಾಲ್ಕು ಮೂಲೆಗೂ ಸೀರೆಯ ಅಂಚಿನ ಹಾಗೆ ತೆಳ್ಳಗಿನ ರೆಕ್ಕೆ. ಎಲೆಗಳು ಹೆಚ್ಚಾಗಿ ಎದುರುಬದುರು ಜೋಡಿಯಾಗಿ ಬರುತ್ತವೆ. ಕಾಡಿನ ಕಹಿ ಗೆಣಸೊಂದಿದೆ, ಬಳ್ಳಿಯಲ್ಲೇ ಆಲೂಗಡ್ಡೆಯಂಥ ಕಾಯಿ ನೇತಾಡುವಂಥದ್ದು. ಅದರ ದಂಟು ದುಂಡಗೆ, ಎಲೆ ಒಂದೊಂದೇ. ಎರಡನ್ನೂ ಬದಲಾಯಿಸಿಕೊಂಡರೆ ಕಷ್ಟ. ಕಹಿ ತೆಗೆಯಲು ಗೊತ್ತಿಲ್ಲದವರು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಆಗಸ್ಟ್ ಹೊತ್ತಿಗೆ ಹೆಗ್ಗೆಣಸಿನ ಬಳ್ಳಿ ಪಕ್ಕದ ನುಗ್ಗೆಮರ ಹತ್ತಿ, ಅಲ್ಲಿಂದ ಬಚ್ಚಲುಮನೆಯ ಹೆಂಚಿನ ಮೇಲೆ ಇಳಿದಿರುತ್ತದೆ. ಹೊಳೆಯುವ ಹೃದಯದಂಥ ಎಲೆ. ದುಡ್ಡು ಕೊಟ್ಟು ಮನಿಪ್ಲಾಂಟ್ ತರುವವರು ಇದನ್ನೊಮ್ಮೆ ನೋಡಬೇಕು. ಚೆಂದಕ್ಕೆ ಹೂವೇ ಬೇಕು ಅಂತ ಯಾರು ಹೇಳಿದ್ದು?

ಹಾಗಾಗಿ ತಿನ್ನೋಕೆ ಬರುತ್ತಾ, ನೋಡೋಕೆ ಚೆಂದವಾ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನಾನು ಕೇಳುವುದು ಒಂದೇ. ಗಿಡದ ಹತ್ತಿರ ದಿನಾ ಹೋಗಿ ನಿಲ್ಲುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?

ಡೇರೆಗೆ ಆಳು ಬೇಕು. ಬೇಸಿಗೆಯಲ್ಲಿ ಅಟ್ಟದ ಮೇಲೆ ಬೂದಿಯಲ್ಲಿ ಹೂತಿಟ್ಟ ಗೆಡ್ಡೆಯನ್ನು ಹದಿನೈದು ದಿನಕ್ಕೊಮ್ಮೆ ಮುಟ್ಟಿ ನೋಡಬೇಕು. ಒಂದು ಮೆತ್ತಗಾದರೆ ಬುಟ್ಟಿಯೇ ಹೋಯಿತು. ನೆಟ್ಟ ಮೇಲೆ ಕುಡಿ ಚಿವುಟಬೇಕು. ದಂಟು ಟೊಳ್ಳು, ನಮ್ಮ ಮಳೆಗೆ ಅಡಿಕೆ ದಬ್ಬೆ ಕಟ್ಟದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಅಡ್ಡ ಬಿದ್ದಿರುತ್ತದೆ. ಅತ್ತೆ ಸಂಜೆ ದೀಪ ಹಚ್ಚಿದ ಮೇಲೆ ತಲೆಗೆ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು, ಬಸವನಹುಳು ಹೆಕ್ಕಲು ಹೋಗುತ್ತಾರೆ. ಹೆಕ್ಕಿದ್ದನ್ನು ಉಪ್ಪುನೀರಿನ ಡಬ್ಬಕ್ಕೆ ಹಾಕುತ್ತಾ ಒಂದೊಂದಕ್ಕೂ ಬೈಯುತ್ತಾರೆ. ಎಪ್ಪತ್ತೊಂದು ವರ್ಷ ಅವರಿಗೆ. ಆ ಅರ್ಧ ಗಂಟೆ ಅವರನ್ನು ಯಾರೂ ಕರೆಯುವ ಹಾಗಿಲ್ಲ.

ಹೆಗ್ಗೆಣಸಿಗೆ ವರ್ಷಕ್ಕೆ ಎರಡು ಸಲ ಮುಖ ತೋರಿಸಿದರೆ ಸಾಕು. ಮೊದಲ ಮಳೆಗೆ ಹೊಂಡ ತೋಡಿ, ತರಗೆಲೆ ಗೊಬ್ಬರ ತುಂಬಿ ನೆಡುವುದು. ಡಿಸೆಂಬರ್‌ನಲ್ಲಿ ಬಳ್ಳಿ ಒಣಗಿದ ಮೇಲೆ ಅಗೆಯುವುದು. ಆಳಕ್ಕೆ ಇಳಿಯದಿರಲಿ ಅಂತ ನಾವು ಹೊಂಡದ ತಳಕ್ಕೆ ಒಂದು ಚಪ್ಪಟೆ ಕಲ್ಲು ಹಾಕುತ್ತೇವೆ. ಮಧ್ಯದಲ್ಲಿ ಶತ್ರು ಅಂದರೆ ಹೆಗ್ಗಣ. ಹೆಗ್ಗೆಣಸಿಗೂ ಹೆಗ್ಗಣಕ್ಕೂ ಹೆಸರಲ್ಲೇ ಏನೋ ನಂಟಿದೆ ಅನ್ನಿಸುತ್ತದೆ.

ನೆಡುವುದರಲ್ಲಿ ಇನ್ನೊಂದು ವ್ಯತ್ಯಾಸ ಇದೆ, ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದು. ಹೆಗ್ಗೆಣಸನ್ನು ಎಲ್ಲಿ ಕತ್ತರಿಸಿ ನೆಟ್ಟರೂ, ಸಿಪ್ಪೆ ಸಮೇತ ಇದ್ದರೆ ಮೊಳಕೆ ಬರುತ್ತದೆ. ತಲೆಯ ಭಾಗ ಬೇಗ, ಬುಡದ ಭಾಗ ನಿಧಾನ, ಅಷ್ಟೇ. ಡೇರೆ ಹಾಗಲ್ಲ. ಹಳೆ ದಂಟು ಗೆಡ್ಡೆಗೆ ಸೇರುವ ಕತ್ತಿನ ಹತ್ತಿರ ಮೊಳಕೆ ಒಡೆಯುವ ಕಣ್ಣು ಇರುತ್ತದೆ. ಆ ಕತ್ತಿನ ಚೂರು ಇಲ್ಲದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಬರೀ ಗೆಡ್ಡೆ. ಒಮ್ಮೆ ಆನ್‌ಲೈನ್‌ನಲ್ಲಿ ಆರು ಬಣ್ಣದ ಡೇರೆ ತರಿಸಿದೆ. ಆರೂ ಮೂಲಂಗಿಯ ಹಾಗೆ ನುಣ್ಣಗೆ, ಒಂದಕ್ಕೂ ಕತ್ತಿಲ್ಲ. ಅತ್ತೆ ಒಂದೊಂದನ್ನೇ ತಿರುಗಿಸಿ ನೋಡಿ, "ಕುರುಡು ಗೆಡ್ಡೆ ಕಳಿಸಿದ್ದಾರೆ ಕೂಸೇ" ಅಂದರು. ಮಾರಿದವರು ಫೋನ್ ಎತ್ತಲಿಲ್ಲ.

ಲಾಭದ ಲೆಕ್ಕ ಹಾಕುವವರಿಗೆ ಒಂದು ಮಾತು. ಕಳೆದ ವರ್ಷ ಎರಡು ಹೊಂಡದಿಂದ ಒಂಬತ್ತು ಕೆಜಿ ಹೆಗ್ಗೆಣಸು ಬಂತು. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆದೆ, ಇಲ್ಲದಿದ್ದರೆ ತುರಿಕೆ. ಪಲ್ಯ, ಹುಳಿ, ಬೋಂಡ, ಬೆಲ್ಲ ಹಾಕಿ ಪಾಯಸ. ಐದನೇ ದಿನ ಮಕ್ಕಳು ತಟ್ಟೆ ಸರಿಸಿದರು. ಉಳಿದದ್ದು ಅಕ್ಕಪಕ್ಕದ ಮೂರು ಮನೆಗೆ ಹೋಯಿತು. ಅಂದರೆ ಅದೂ ಹಂಚುವ ಬೆಳೆಯೇ, ಡೇರೆಯ ಹಾಗೆ. ಅತ್ತೆಯ ಹತ್ತಿರ ಇರುವ ಹನ್ನೊಂದು ಬಣ್ಣದಲ್ಲಿ ಒಂದನ್ನೂ ಅವರು ಕೊಂಡಿದ್ದಲ್ಲ. ತವರಿನಿಂದ, ಮದುವೆಮನೆಯಿಂದ, ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತವರಿಂದ ಬಂದವು. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರ ಗೆಡ್ಡೆ ಗೆಣಸಿನ ಮೇಳಕ್ಕೆ ಹೋದರೆ ಇದೇ ಕಾಣುತ್ತದೆ. ಮಾರುವವರಿಗೆ ಗೆಣಸಿನ ತೂಕಕ್ಕಿಂತ ಅದನ್ನು ಹೇಗೆ ನೆಡಬೇಕು ಅಂತ ಹೇಳುವುದರಲ್ಲೇ ಆಸಕ್ತಿ.

ಈಗ ನನ್ನ ತೀರ್ಪು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹೆಗ್ಗೆಣಸು ಹಾಕಿ, ಡೇರೆ ಹಾಕಿ ಕೊಲ್ಲಬೇಡಿ. ಮನೆಯಲ್ಲಿ ಅತ್ತೆಯಂಥವರು ಇದ್ದರೆ ಡೇರೆಯನ್ನು ತಪ್ಪಿಸಲೂಬೇಡಿ. ನಮ್ಮ ಮನೆಯಲ್ಲಿ ಬಾವಿಕಟ್ಟೆಯ ಮೂಲೆ ಈ ಸಲ ಹೆಗ್ಗೆಣಸಿಗೆ. ಅದಕ್ಕೆ ಆಳದ ಮಣ್ಣು ಬೇಕು. ಡೇರೆ ಎಲ್ಲ ಒಡೆದ ಬಕೆಟ್ಟುಗಳಲ್ಲಿ ಜಗಲಿಯ ಮೆಟ್ಟಿಲಿಗೆ ಬಂತು. ಸೂರಿನ ಅಡಿ ಮಳೆ ಹೊಡೆತವೂ ಕಡಿಮೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮೆಟ್ಟಿಲ ಮೇಲೇ ಕೂತು ಹುಳ ಹೆಕ್ಕಬಹುದು, ಕೊಪ್ಪೆ ಬೇಡ ಅಂತ ಅವರಿಗೇ ಹೊಳೆಯಿತು.

ಅಂದಹಾಗೆ, ನೇರಳೆ ಎಸಳಿಗೆ ಬಿಳಿ ತುದಿ ಇರುವ ದೊಡ್ಡ ಡೇರೆ ಯಾರ ಮನೆಯಲ್ಲಾದರೂ ಇದ್ದರೆ ಕಾಮೆಂಟ್‌ನಲ್ಲಿ ಹೇಳಿ. ಅತ್ತೆ ನಾಲ್ಕು ವರ್ಷದಿಂದ ಹುಡುಕುತ್ತಿದ್ದಾರೆ. ಬದಲಿಗೆ ಹೆಗ್ಗೆಣಸಿನ ತಲೆ ಕೊಡುತ್ತೇವೆ, ಎಷ್ಟು ಬೇಕಾದರೂ. ಡೇರೆಗೆ ಕಣ್ಣಿರಬೇಕು, ಅಷ್ಟೇ.