ಫೀಸು ಕಟ್ಟುವವನಿಗೆ ಉತ್ತರವಿಲ್ಲ

ಮೊನ್ನೆ ಅಮೆರಿಕದ ಕಾಲೇಜೊಂದು ಶಿರಸಿಯ ನಮ್ಮ ಭಾವನಿಗೆ ಎರಡೇ ಸಾಲಿನ ಇಮೇಲ್ ಕಳಿಸಿ ಅವನ ನಿದ್ದೆ ಕೆಡಿಸಿತು. ಮಗಳು ಮುಂದಿನ ಸೆಮಿಸ್ಟರಿಗೆ ಯಾವ ಕೋರ್ಸು ತಗೊಳ್ಳಬೇಕು ಎಂದು ಅವಳ ಅಕಾಡೆಮಿಕ್ ಅಡ್ವೈಸರಿಗೆ, ಅಂದರೆ ಕೋರ್ಸು ಆರಿಸಲು ಸಲಹೆ ಕೊಡುವ ಕಾಲೇಜಿನವರಿಗೆ, ಇವನೇ ಬರೆದಿದ್ದ, ಮನೆತನ, ಅಡಿಕೆ ತೋಟ ಎಲ್ಲ ವಿವರಿಸಿ. ವಿದ್ಯಾರ್ಥಿನಿಯ ಒಪ್ಪಿಗೆಯಿಲ್ಲದೆ ನಿಮ್ಮೊಡನೆ ಮಾತಾಡುವಂತಿಲ್ಲ, ಅವಳೇ ಬರೆಯಲಿ ಎಂದು ಉತ್ತರ. "ಫೀಸ್ ಕಟ್ಟವ ಆನು, ಎನ್ನತ್ರ ಮಾತಾಡಲಾಗ್ತಿಲ್ಯಡ!" ಎಂದು ಫೋನಿನಲ್ಲಿ ಕೂಗಾಡಿದ.

ಫೆರ್ಪಾ ಎಂಬ 1974ರ ಅಮೆರಿಕದ ಕಾನೂನು ಅದು. ಕಾಲೇಜು ಸೇರಿದ ಮೇಲೆ ಓದಿನ ದಾಖಲೆಗಳ ಹಕ್ಕು ಮಕ್ಕಳದು. ಭಾವನಿಗೆ ಇದನ್ನು ಹೇಳಿ ಬೈಸಿಕೊಂಡೆ.

ಕೊನೆಗೆ ಹುಡುಗಿಯೇ ಬರೆದಳು. ವಿಷಯದ ಸಾಲಿನಲ್ಲಿ 'ಕೋರ್ಸ್ ಆಯ್ಕೆ, ಭೇಟಿಗೆ ಸಮಯ'. ಒಳಗೆ ಹೆಸರು, ವಿದ್ಯಾರ್ಥಿ ಸಂಖ್ಯೆ, ತಾನೇ ಮಾಡಿಕೊಂಡ ಕೋರ್ಸುಗಳ ಕರಡು ಪಟ್ಟಿ, ತನಗೆ ಬಿಡುವಿರುವ ಮೂರು ಹೊತ್ತು. ಅಷ್ಟೇ. ಮರುದಿನ 30 ನಿಮಿಷದ ಭೇಟಿ ಗೊತ್ತಾಯಿತು. ಅಡ್ವೈಸರ್ ಒಪ್ಪುವವರೆಗೆ ಕೋರ್ಸುಗಳ ನೋಂದಣಿಗೆ ಹಲವು ಕಾಲೇಜುಗಳಲ್ಲಿ ತಡೆ ಇರುತ್ತದೆ, ಅವಳದೂ ಆ ಭೇಟಿಯಲ್ಲೇ ತೆರವಾಯಿತು.

ನಮ್ಮಲ್ಲಿ ಹೇಗೆ? ಸ್ಟಾಫ್ ರೂಮಿನ ಬಾಗಿಲ ಪಕ್ಕ ನಿಲ್ಲಬೇಕು. ಸರ್ ತಲೆಯೆತ್ತಬೇಕು. ಎತ್ತಿದರೆ ಮೊದಲ ಪ್ರಶ್ನೆ, "ಯಾವೂರು? ಯಾರ ಮನೆ?" ಅಪ್ಪ ಸೊಸೈಟಿಯಲ್ಲಿ ಕಂಡ ಮುಖವಾದರೆ ಕುರ್ಚಿ ಸಿಗುತ್ತದೆ, ಕೆಲಸವೂ ಆಗುತ್ತದೆ. ಯಲ್ಲಾಪುರದ ಕಾಡಂಚಿನಿಂದ ಬಂದ ಸಿದ್ದಿ ಹುಡುಗನೋ, ಅಂಕೋಲೆಯ ಕಡೆಯ ಹಾಲಕ್ಕಿ ಹುಡುಗಿಯೋ ಆದರೆ "ನಾಳೆ ಬಾ". ನಾಳೆಯೂ ಬಾಗಿಲೇ. ಊರಿಗೆ ಹೋಗುವ ಕೊನೆಯ ಬಸ್ಸು ಯಾರಿಗೂ ಕಾಯುವುದಿಲ್ಲ. ಇನ್‌ಬಾಕ್ಸಿಗಾದರೋ ಮನೆತನ ಕಾಣುವುದಿಲ್ಲ.

2021ರಲ್ಲಿ ಹೊಸ ಶಿಕ್ಷಣ ನೀತಿಯ ಹೆಸರಲ್ಲಿ ನಮ್ಮ ಪದವಿ ತರಗತಿಗಳಿಗೂ ಓಪನ್ ಇಲೆಕ್ಟಿವ್, ಅಂದರೆ ತಮ್ಮ ವಿಭಾಗದ ಆಚೆಗೂ ಆರಿಸಿಕೊಳ್ಳುವ ವಿಷಯ, ಬಂತು. ಯಾವುದು ತಗೊಳ್ಳಲಿ ಎಂದು ಮಕ್ಕಳು ಕೇಳಬೇಕಾದದ್ದು ಆಗಲೇ. ನಮ್ಮ ಸಂಬಂಧಿಕರ ಹುಡುಗಿ ಧೈರ್ಯಮಾಡಿ ಲೆಕ್ಚರರಿಗೆ ಇಮೇಲ್ ಹಾಕಿದಳು. ಅವರು ಅವಳಿಗೆ ಉತ್ತರಿಸಲಿಲ್ಲ, ಗಾಬರಿಯಿಂದ ಅವಳ ಅಪ್ಪನಿಗೆ ಫೋನ್ ಮಾಡಿದರು: "ಎದುರಿಗೇ ಇದ್ದೇನಲ್ಲ, ಮಗಳು ಮೇಲ್ ಯಾಕೆ ಮಾಡಿದ್ದು? ಏನಾದ್ರೂ ಕಂಪ್ಲೇಂಟಾ?" ಗೊಂದಲ ತಿಳಿಯಾಗುವ ಮೊದಲೇ, 2024ರಲ್ಲಿ, ರಾಜ್ಯ ಸರ್ಕಾರ ಆ ನೀತಿ ಬಿಟ್ಟು ಹಳೆಯ ಮೂರು ವರ್ಷದ ಪದವಿಗೇ ಮರಳಿತು.

ಮಕ್ಕಳನ್ನು ದೊಡ್ಡವರೆಂದು ಕಾಣಲು ಇಷ್ಟು ಸಾಕು: ಅವರ ಪ್ರಶ್ನೆ ಅವರಿಂದಲೇ ಬರಲಿ, ಉತ್ತರವೂ ಅವರಿಗೇ ಹೋಗಲಿ. ಇದಕ್ಕೆ ಡಾಲರೇನೂ ಬೇಕಿಲ್ಲ.

ಹಾಗಂತ ಅಮೆರಿಕದ ಅಡ್ವೈಸರನ್ನು ದೇವರ ಗೂಡಿನಲ್ಲಿ ಕೂರಿಸಬೇಕಿಲ್ಲ. 30 ನಿಮಿಷ ಮುಗಿಯಿತೆಂದರೆ ನಗುತ್ತಲೇ ಎದ್ದು ನಿಲ್ಲುತ್ತಾರೆ. ಇಮೇಲ್ ಮಾಡುವ ಸ್ಥಿತಿಯಲ್ಲೇ ಇಲ್ಲದ ಹುಡುಗ ಅವರ ಕಣ್ಣಿಗೆ ಬೀಳುವುದು ಎಷ್ಟೋ ತಡವಾಗಿ. ಕೊಳೆರೋಗ ಬಂದು ನಮ್ಮ ಫಸಲು ಉದುರಿದ ವರ್ಷ ನನ್ನ ಪರೀಕ್ಷಾ ಫೀಸನ್ನು ಇಂಗ್ಲಿಷ್ ಮೇಷ್ಟ್ರು ತಾವೇ ಕಟ್ಟಿದ್ದರು. ನಾನು ಕೇಳಿರಲೂ ಇಲ್ಲ, ಯಾರಿಗೂ ಹೇಳಿರಲೂ ಇಲ್ಲ. ಅಂಥದ್ದು ಅಮೆರಿಕದಲ್ಲಿ ಈವರೆಗೆ ಕಂಡಿಲ್ಲ, ಒಪ್ಪುತ್ತೇನೆ. ಆ ಮೇಷ್ಟ್ರಿಗೆ ನಮ್ಮಪ್ಪನ ಪರಿಚಯವಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.