ಹಸಿರು ಲೈನಿನ ರೈಲು ಹಳದಿ ಲೈನಿಗೆ ಯಾಕೆ ಹೋಗಲ್ಲ

"ಅಲ್ಲ ಕಣ್ಲಾ, ಕಂಬ ಎದ್ದಾಯ್ತು, ಸ್ಟೇಷನ್ ಕಟ್ಟಾಯ್ತು. ಹಸಿರು ಲೈನಿಂದ ನಾಕು ರೈಲು ತಂದು ಬಿಡೋಕೆ ಏನ್ ದಾಡಿ?"

ಹಳದಿ ಲೈನ್ ಶುರುವಾಗುವ ಮೊದಲು, ರಜೆಗೆ ಮಂಡ್ಯಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ನನಗೆ ಕಾದಿರುತ್ತಿತ್ತು. ಬೆಂಗಳೂರು ಮೆಟ್ರೋದಲ್ಲಿ ಹಳಿ ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ಎಲ್ಲದಕ್ಕೂ ನಾನೇ ಉತ್ತರ ಹೇಳಬೇಕು ಅಂತ ಊರಿನವರ ಲೆಕ್ಕ.

ಮದ್ದೂರಿನ ಬಸ್ಸನ್ನು ಮಳವಳ್ಳಿ ರೂಟಿಗೆ ಹಾಕಿದ ಹಾಗೆ ಅಂದುಕೊಂಡು ಕೇಳುತ್ತಾರೆ. ತಪ್ಪಲ್ಲ. ಮ್ಯಾಪಿನಲ್ಲಿ ನೋಡಿದರೆ ಬಣ್ಣ ಒಂದೇ ಬೇರೆ, ಮಿಕ್ಕಿದ್ದೆಲ್ಲ ಒಂದೇ ಥರ ಕಾಣುತ್ತದೆ ಅಲ್ವಾ?

ಹಳಿಯ ಅಗಲ ಒಂದೇ, ನಿಜ. ನೇರಳೆ, ಹಸಿರು, ಹಳದಿ, ಮೂರೂ ಲೈನಿನಲ್ಲಿ ಹಳಿಗಳ ನಡುವೆ 1435 ಮಿಲಿಮೀಟರ್. ಕರೆಂಟೂ ಒಂದೇ, 750 ವೋಲ್ಟ್ ಡಿಸಿ, ಪಕ್ಕದ ಥರ್ಡ್ ರೈಲಿನಿಂದ, ಅಂದರೆ ಕರೆಂಟಿಗೆಂದೇ ಹಾಕಿದ ಮೂರನೇ ಹಳಿಯಿಂದ ಬರುತ್ತದೆ. ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಸಿಗ್ನಲ್ಲಿನಲ್ಲಿ. ನೇರಳೆ ಮತ್ತು ಹಸಿರು ಲೈನಿನಲ್ಲಿ ಹಳಿಯನ್ನು ತುಂಡು ತುಂಡಾಗಿ ಲೆಕ್ಕ ಹಾಕಿರುತ್ತಾರೆ. ಮುಂದೆ ಎಷ್ಟು ದೂರ ಖಾಲಿ ಇದೆ, ಎಲ್ಲಿ ನಿಲ್ಲಬೇಕು ಎಂದು ರೈಲಿಗೆ ಹೇಳುವುದು ಆ ವ್ಯವಸ್ಥೆ. ಹಳದಿ ಲೈನಿನಲ್ಲಿ ಇರುವುದು ಸಿಬಿಟಿಸಿ, ಅಂದರೆ ರೇಡಿಯೋ ಮೂಲಕ ನಡೆಯುವ ಸಿಗ್ನಲ್ ವ್ಯವಸ್ಥೆ. ಅಲ್ಲಿ ರೈಲೇ ರೇಡಿಯೋದಲ್ಲಿ "ನಾನು ಇಲ್ಲಿದ್ದೇನೆ" ಎಂದು ಬಿಡದೆ ಹೇಳುತ್ತಾ ಹೋಗುತ್ತದೆ. ಮುಂದೊಂದು ದಿನ ಡ್ರೈವರ್ ಇಲ್ಲದೆ ಓಡಬೇಕು ಎಂದೇ ಮಾಡಿಸಿದ ಲೈನ್ ಅದು. ಹಸಿರು ಲೈನಿನ ರೈಲನ್ನು ಹಾಗೇ ತಂದು ನಿಲ್ಲಿಸಿದರೆ ಅದಕ್ಕೆ ಆ ಭಾಷೆಯೇ ಬರುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. 2019ರಲ್ಲಿ ಒಂದೇ ಕಂಪನಿಗೆ 216 ಬೋಗಿಗಳ ಆರ್ಡರ್ ಹೋಯಿತು. ಅದರಲ್ಲಿ 90 ಹಳದಿಗೆ, ಮಿಕ್ಕ 126 ನೇರಳೆ ಮತ್ತು ಹಸಿರಿಗೆ. ಕಾರ್ಖಾನೆ ಒಂದೇ ಆದರೂ ಸಿಗ್ನಲ್ ಬೇರೆ, ಹಾಗಾಗಿ ಒಂದರ ಬದಲು ಇನ್ನೊಂದನ್ನು ಹಾಕುವ ಹಾಗಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡಾಟ ಶುರುವಾದಾಗ ಇದ್ದದ್ದು ಮೂರೇ ರೈಲು. 19 ಕಿಲೋಮೀಟರ್, 16 ಸ್ಟೇಷನ್, 25 ನಿಮಿಷಕ್ಕೊಂದು ಗಾಡಿ. ಜನ ಬೈದರು. ಬೈಯಲಿ ಬಿಡಿ, ಅಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ನಾನೂ ಬೈಯುತ್ತಿದ್ದೆ. ಆದರೆ ರೈಲಿನ ಆರ್ಡರು ಮತ್ತು ಕಂಬದ ಕೆಲಸ ಜೊತೆಜೊತೆಗೆ ಸಾಗಲಿಲ್ಲವಲ್ಲ, ಬೈಗುಳ ಅಲ್ಲಿಗೆ ಹೋಗಬೇಕಿತ್ತು. ಸ್ಟೇಷನ್ನಿನಲ್ಲಿ ಯೂನಿಫಾರ್ಮ್ ಹಾಕಿ ನಿಂತ ಹುಡುಗಿಗೆ ಅಲ್ಲ.

ಇದನ್ನೆಲ್ಲ ಹೇಳಿದಾಗ ಒಂದೇ ಮಾತಿಗೆ ಅರ್ಥ ಆಗಿದ್ದು ನಮ್ಮ ದೊಡ್ಡಪ್ಪನಿಗೆ. ಅವರು ಮೀಟರ್ ಗೇಜ್ ಕಾಲದವರು, ಅಂದರೆ ನಮ್ಮ ಕಡೆ ಕಿರಿದಾದ ಹಳಿ ಇದ್ದ ಕಾಲದವರು. ಆಗ ಮಂಡ್ಯದಲ್ಲಿ ಹತ್ತಿದ ಗಾಡಿಯಲ್ಲೇ ಮದ್ರಾಸಿಗೆ ಹೋಗುವ ಹಾಗಿರಲಿಲ್ಲ. ಬೆಂಗಳೂರಲ್ಲಿ ಇಳಿದು, ಗಂಟುಮೂಟೆ ಹೊತ್ತು, ಅಗಲ ಹಳಿಯ ಬ್ರಾಡ್ ಗೇಜ್ ಗಾಡಿ ಹತ್ತಬೇಕಿತ್ತು. ನಮ್ಮ ಲೈನ್ ಅಗಲವಾಗಿದ್ದು 1990ರ ದಶಕದಲ್ಲಿ. "ಓ, ಹಂಗೆ ಅನ್ನು" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ಕೆಲಸ ಮಾಡುವವರಿಗೂ ಲೈನ್ ಬದಲಾದರೆ ಸುಮಾರು ಬದಲಾಗುತ್ತದೆ. ನಮ್ಮದು ರಾತ್ರಿ ಕೆಲಸ. ಕೊನೆ ರೈಲು ಹೋಗಿ, ಥರ್ಡ್ ರೈಲಿನ ಕರೆಂಟ್ ತೆಗೆದು, ಅರ್ಥಿಂಗ್ ಹಾಕಿದ ಮೇಲೆಯೇ ಹಳಿಗೆ ಇಳಿಯಬೇಕು. ಬೆಳಗಿನ ಮೊದಲ ರೈಲು ಹೊರಡುವುದರೊಳಗೆ ಮನುಷ್ಯರು, ಸ್ಪ್ಯಾನರು, ಟಾರ್ಚು ಎಲ್ಲ ಲೆಕ್ಕ ಕೊಟ್ಟು ಹೊರಗೆ ಬರಬೇಕು. ನೇರಳೆಯಲ್ಲಿ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟುವವರೆಗೆ ಸುರಂಗ. ಮಳೆ ಕಾಟ ಇಲ್ಲ, ಸೆಕೆ ಮಾತ್ರ ಬೇಕಾದಷ್ಟು. ಹಳದಿ ಪೂರ್ತಿ ಮೇಲೆಯೇ ಹೋಗುತ್ತದೆ. ಗಾಳಿ ಚೆನ್ನಾಗಿದೆ, ಆದರೆ ಮಳೆ ಹಿಡಿದ ರಾತ್ರಿ ಬೆಳಗಾಗುವುದೇ ಇಲ್ಲ ಅನ್ನಿಸುತ್ತದೆ. ಇನ್ನು ಗುಲಾಬಿ ಲೈನ್, ಅದರ 21 ಕಿಲೋಮೀಟರಿನಲ್ಲಿ 13ಕ್ಕೂ ಜಾಸ್ತಿ ನೆಲದ ಕೆಳಗೇ.

ಇಷ್ಟು ಯಾಕೆ ಬರೆದೆ ಅಂದರೆ, "ಮೈಸೂರಿಗೂ ಒಂದು ಮೆಟ್ರೋ ಬೇಕು" ಅನ್ನುವ ಮಾತು ಈಗ ಜಾಸ್ತಿ ಕೇಳುತ್ತಿದೆ. ಬೇಡ ಅನ್ನಲು ನಾನ್ಯಾರು? ಆದರೆ ಕೇಳುವವರು ಕಂಬದ ಚಿತ್ರ ಮಾತ್ರ ಶೇರ್ ಮಾಡುತ್ತಾರೆ. ಡಿಪೋಗೆ ಜಾಗ ಎಲ್ಲಿ, ರೈಲು ಯಾವಾಗ ಬರುತ್ತೆ, ಕಂಟ್ರೋಲ್ ರೂಮಿನಲ್ಲಿ ಕೂರುವವರಿಗೆ ತರಬೇತಿ ಎಲ್ಲಿ, ಇದನ್ನು ಯಾರೂ ಕೇಳುವುದಿಲ್ಲ.

ನನ್ನನ್ನು ಕೇಳಿದರೆ ಮೊದಲು ಇರುವ ಹಳಿಯನ್ನೇ ಸರಿಯಾಗಿ ಬಳಸಲಿ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು: ಇಷ್ಟೂ ದೂರ ಜೋಡಿ ಹಳಿ ಇದೆ, ಮೇಲೆ ಕರೆಂಟ್ ತಂತಿ ಇದೆ. ಆಚೆ ಅಶೋಕಪುರಂ ದಾಟಿ ನಂಜನಗೂಡಿನ ಕಾರ್ಖಾನೆಗಳವರೆಗೂ ಬ್ರಾಡ್ ಗೇಜ್ ಇದೆ. ಬೆಳಿಗ್ಗೆ, ಸಂಜೆ ಕೆಲಸಕ್ಕೆ ಹೋಗುವ ಹೊತ್ತಿಗೆ ಇನ್ನೂ ನಾಲ್ಕಾರು ಮೆಮು (ಹತ್ತಿರದ ಊರುಗಳ ನಡುವೆ ಓಡುವ ಕರೆಂಟ್ ರೈಲು) ಬಿಟ್ಟರೆ ಪಾಸ್ ಮಾಡಿಸಿಕೊಂಡು ಹತ್ತುವ ಜನ ಈಗಲೇ ಇದ್ದಾರೆ. ನಂಬಿಕೆ ಇಲ್ಲದಿದ್ದರೆ ಬೆಳಿಗ್ಗೆ ಮಂಡ್ಯ ಸ್ಟೇಷನ್ನಿಗೆ ಬಂದು ನೋಡಿ. ಸೀಟು ಸಿಕ್ಕರೆ ಕಾಫಿ ದುಡ್ಡು ನನ್ನದು.