ಸುಮ್ಮನೆ ಒಂದು ಸಲ ಕಣ್ಣಾಡಿಸಿಬಿಡಿ

ಹಣ ಕೊಡುವ ಮಾತು ಬರುವವರೆಗೆ ವಿದ್ವತ್ ಪ್ರಪಂಚದಲ್ಲಿ ಅಲ್ಪವಿರಾಮಕ್ಕೆ ಇರುವಷ್ಟು ಮರ್ಯಾದೆ ಇನ್ನಾವುದಕ್ಕೂ ಇಲ್ಲ. ಪರೀಕ್ಷಕರು ಮಹಾಪ್ರಬಂಧವನ್ನು ಹಿಂದಕ್ಕೆ ಕಳಿಸುವಾಗ ಕಾಗುಣಿತದ ತಪ್ಪು ಘೋರ ಅಪರಾಧವಾಗಿರುತ್ತದೆ. ಅದೇ ತಪ್ಪನ್ನು ತಿದ್ದಿಕೊಡಲು ಪ್ರೂಫ್ ನೋಡುವವರು ಸಂಭಾವನೆ ಕೇಳಿದ ಕೂಡಲೇ ಅದು ಯಾರು ಬೇಕಾದರೂ ಬಿಡುವಿನ ವೇಳೆಯಲ್ಲಿ ಸರಿಪಡಿಸಬಹುದಾದ ಸಣ್ಣ ಸಂಗತಿಯಾಗಿಬಿಡುತ್ತದೆ. ಒಂದೇ ವಸ್ತುವಿಗೆ ಎರಡು ತೂಕವಿರುವ ಈ ವಿದ್ಯಮಾನದ ಬಗ್ಗೆ ಇದುವರೆಗೆ ಯಾರೂ ಪಿಎಚ್.ಡಿ. ಮಾಡಿದಂತಿಲ್ಲ. ಮಾಡಿದ್ದರೆ ಅದನ್ನೂ ಪ್ರೂಫ್ ನೋಡಿಸಬೇಕಾಗುತ್ತಿತ್ತು.

ಈ ಕೆಲಸವನ್ನು ಒಪ್ಪಿಸುವ ಶೈಲಿಯಲ್ಲೇ ಒಂದು ಸೊಗಸಿದೆ. "ಹೆಚ್ಚೇನೂ ಇಲ್ಲ ಸರ್, ತಪ್ಪುಗಳನ್ನೆಲ್ಲ ನಾನೇ ತೆಗೆದಿದ್ದೇನೆ, ತಾವು ಸುಮ್ಮನೆ ಒಂದು ಸಲ ಕಣ್ಣಾಡಿಸಿಬಿಡಿ" ಎನ್ನುತ್ತಾ ಸಂಶೋಧಕರು ಕೈಗಿಡುವುದು ಹಲವು ವರ್ಷಗಳ ತಪಸ್ಸಿನ ಫಲವಾದ 80,000 ಪದಗಳನ್ನು. ಈ ವೃತ್ತಿಯಲ್ಲಿ 250 ಪದಗಳನ್ನು ಒಂದು ಪುಟವೆಂದು ಎಣಿಸುವ ರೂಢಿಯಿದೆ; ಆ ಪ್ರಕಾರ ಇದು 320 ಪುಟ. ಗಂಟೆಗೆ ಹತ್ತು ಪುಟ ಎಂದು ಧಾರಾಳವಾಗಿ ಇಟ್ಟುಕೊಂಡರೂ ಕಣ್ಣು 32 ಗಂಟೆ ಆಡಬೇಕು. ಸಲ್ಲಿಕೆಯ ಗಡುವು ಮಾತ್ರ ನಾಳೆ ಮಧ್ಯಾಹ್ನ. ಭೂಮಿ ತನ್ನ ಸುತ್ತ ತಿರುಗಲು 24 ಗಂಟೆಯನ್ನಷ್ಟೇ ತೆಗೆದುಕೊಳ್ಳುವುದು ಪ್ರೂಫ್ ನೋಡುವವರ ವೈಯಕ್ತಿಕ ದೌರ್ಬಲ್ಯ ಎಂಬ ನೋಟ ಆಗ ಸಂಶೋಧಕರ ಮುಖದಲ್ಲಿ ಕಾಣಿಸುತ್ತದೆ. ತುರ್ತು ಕೆಲಸಕ್ಕೆ ದರ ಹೆಚ್ಚು ಎಂದರಂತೂ, ತಮ್ಮ ಸಂಕಟವನ್ನು ದುರುಪಯೋಗಪಡಿಸಿಕೊಳ್ಳಲಾಗುತ್ತಿದೆ ಎಂಬ ನೋವು ಅದಕ್ಕೆ ಸೇರಿಕೊಳ್ಳುತ್ತದೆ.

ದರವನ್ನು ಪದಕ್ಕೆ ಇಷ್ಟು, ಪುಟಕ್ಕೆ ಇಷ್ಟು, ಗಂಟೆಗೆ ಇಷ್ಟು ಎಂದು ಮೂರು ಬಗೆಯಲ್ಲಿ ಹೇಳುವುದುಂಟು, ಮತ್ತು ಮೂರರಲ್ಲೂ ಅನ್ಯಾಯವನ್ನು ಕಾಣಬಲ್ಲ ಸೂಕ್ಷ್ಮದೃಷ್ಟಿ ಸಂಶೋಧಕರಿಗೆ ತರಬೇತಿಯಿಂದಲೇ ಬಂದಿರುತ್ತದೆ. ಪದಕ್ಕೆ ಇಷ್ಟು ಎಂದರೆ, 'ಮತ್ತು' ಎಂಬುದಕ್ಕೂ 'ಜ್ಞಾನಮೀಮಾಂಸೆ' ಎಂಬುದಕ್ಕೂ ಒಂದೇ ಬೆಲೆಯೇ ಎಂದು ಕೇಳುತ್ತಾರೆ. ಗಂಟೆಗೆ ಇಷ್ಟು ಎಂದರೆ, ನಿಧಾನವಾಗಿ ಓದಿದರೆ ಏನು ಗತಿ ಎಂದು ಕೇಳುತ್ತಾರೆ. ನಿಧಾನವಾಗಿ ಓದಲೆಂದೇ ಹಣ ಕೊಡುತ್ತಿರುವುದು ಎಂಬುದನ್ನು ಅವರಿಗೆ ನೆನಪಿಸುವುದು ಅಪಾಯಕರ. ಚೌಕಾಸಿಯ ಶಿಖರವೆಂದರೆ ಗ್ರಂಥಸೂಚಿ. "ಅದನ್ನು ಪದಗಳ ಲೆಕ್ಕಕ್ಕೆ ಹಿಡಿಯಬೇಡಿ, ಅದು ನಾನು ಬರೆದದ್ದಲ್ಲ" ಎಂಬ ವಾದ ತರ್ಕಬದ್ಧವಾಗಿಯೇ ಇದೆ. ಆದರೆ ಇಡೀ ಪ್ರಬಂಧದಲ್ಲಿ ಹೆಚ್ಚು ಬೆವರು ಹರಿಯುವುದು ಅಲ್ಲಿಯೇ: ಇಸವಿ ಆವರಣದೊಳಗೋ ಹೊರಗೋ, ಸಂಪುಟದ ಸಂಖ್ಯೆ ಓರೆ ಅಕ್ಷರದಲ್ಲೋ ನೇರ ಅಕ್ಷರದಲ್ಲೋ, ಪುಟದಲ್ಲಿ 1998 ಎಂದಿರುವ ಲೇಖನ ಸೂಚಿಗೆ ಬರುವ ವೇಳೆಗೆ 1989 ಆದದ್ದು ಹೇಗೆ ಎಂಬಂಥ ಪ್ರಶ್ನೆಗಳು ಸಾಲುಸಾಲಾಗಿ ಏಳುತ್ತವೆ.

ಇದರ ಮೇಲೆ ನೈತಿಕತೆಯ ನಿಯಮವೊಂದಿದೆ. ಪ್ರೂಫ್ ನೋಡುವವರು ಕಾಗುಣಿತ, ವ್ಯಾಕರಣ, ವಿರಾಮಚಿಹ್ನೆಗಳನ್ನು ಮುಟ್ಟಬಹುದು, ವಿಚಾರವನ್ನು ಮುಟ್ಟಬಾರದು ಎಂದು ಅನೇಕ ವಿಶ್ವವಿದ್ಯಾಲಯಗಳು ವಿಧಿಸುತ್ತವೆ. ನಿಯಮ ಸರಿಯಾದದ್ದೇ, ಪದವಿ ಪಡೆಯುವವರೇ ಯೋಚಿಸಿರಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಅದರ ಫಲವಾಗಿ, ಅರ್ಧ ಪುಟ ಹಬ್ಬಿ ಕ್ರಿಯಾಪದವನ್ನೇ ತಲುಪದ ವಾಕ್ಯದ ಅಂಚಿನಲ್ಲಿ "ಇಲ್ಲಿ ಏನು ಹೇಳಲಾಗಿದೆ ಎಂದು ತಿಳಿಯಲಿಲ್ಲ" ಎಂದಷ್ಟೇ ಬರೆದು ಮುಂದಕ್ಕೆ ಸಾಗಬೇಕಾಗುತ್ತದೆ. ತಮ್ಮ ವಾಕ್ಯ ಯಾರಿಗೂ ಅರ್ಥವಾಗಿಲ್ಲ ಎಂಬ ಸುದ್ದಿಗೆ ಸಂಶೋಧಕರು ಪದದ ಲೆಕ್ಕದಲ್ಲಿ ಹಣ ತೆರುತ್ತಾರೆ. ಮಾರ್ಗದರ್ಶಕರು ಇದೇ ಸುದ್ದಿಯನ್ನು ಪುಕ್ಕಟೆಯಾಗಿ ಕೊಡಬಹುದಿತ್ತು, ಅಧ್ಯಾಯವನ್ನು ಓದಿದ್ದರೆ.

ಪ್ರಬಂಧ ಪದವಿಯ ಹಂತವನ್ನು ದಾಟಿ, ಸಂಶೋಧನಾ ಲೇಖನಗಳನ್ನು ಪ್ರಕಟಿಸುವ ಜರ್ನಲಿನ ಬಾಗಿಲಿಗೆ ಬಂದಾಗ ವ್ಯವಸ್ಥೆಯ ಪೂರ್ಣ ವೈಭವ ಕಣ್ಣಿಗೆ ಬೀಳುತ್ತದೆ. ಲೇಖಕರು ಬರೆದದ್ದಕ್ಕೆ ಸಂಭಾವನೆ ಇಲ್ಲ. ವಿಷಯತಜ್ಞರು ಪರಿಶೀಲಿಸಿದ್ದಕ್ಕೂ ಸಾಮಾನ್ಯವಾಗಿ ಇಲ್ಲ. ಲೇಖನ ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದರೆ ಮಾತ್ರ ಲೇಖಕರ ಕಡೆಯಿಂದ ತೆರಬೇಕಾದ ಶುಲ್ಕವುಂಟು: 'ನೇಚರ್' ಎಂಬ ವಿಜ್ಞಾನ ಪತ್ರಿಕೆಯು 2020ರ ನವೆಂಬರಿನಲ್ಲಿ ಘೋಷಿಸಿದ ಶುಲ್ಕ ಒಂದು ಲೇಖನಕ್ಕೆ 9,500 ಯೂರೋ. ಇಷ್ಟು ದೊಡ್ಡ ಮೊತ್ತಗಳು ಓಡಾಡುವ ಉದ್ಯಮದಲ್ಲಿ ಭಾಷೆಯನ್ನು ತಿದ್ದುವ ಹೊಣೆ ಪ್ರಕಾಶಕರದ್ದಿರಬೇಕೆಂದು ಮುಗ್ಧರು ಊಹಿಸಬಹುದು. ಆ ಹೊಣೆಯನ್ನು ಅವರು ಮರೆತಿಲ್ಲ. ಅದಕ್ಕೆ ಬೇರೆ ಕೌಂಟರ್ ತೆರೆದಿದ್ದಾರೆ. ದೊಡ್ಡ ಪ್ರಕಾಶನ ಸಂಸ್ಥೆಗಳು ತಾವೇ ಭಾಷಾಸಂಪಾದನೆಯ ಸೇವೆಯನ್ನು ಲೇಖಕರಿಗೆ ಮಾರುತ್ತವೆ, ತಿದ್ದಲಾಗಿದೆ ಎಂಬುದಕ್ಕೆ ಪ್ರಮಾಣಪತ್ರವನ್ನೂ ದಯಪಾಲಿಸುತ್ತವೆ, ಮತ್ತು ಈ ಸೇವೆಯನ್ನು ಪಡೆದ ಮಾತ್ರಕ್ಕೆ ಲೇಖನ ಸ್ವೀಕೃತವಾಗುತ್ತದೆಂಬ ಭರವಸೆ ಇಲ್ಲವೆಂದು ವಿನಯದಿಂದ ತಿಳಿಸುತ್ತವೆ. ಪ್ರಮಾಣಪತ್ರವನ್ನು ಲಗತ್ತಿಸಿ ಕಳಿಸಿದ ಮೇಲೂ "ಇಂಗ್ಲಿಷ್ ಮಾತೃಭಾಷೆಯವರಿಂದ ಒಮ್ಮೆ ತಿದ್ದಿಸಿ" ಎಂಬ ಪರಿಶೀಲಕರ ಷರಾ ಬರಬಹುದು. ಕೊಟ್ಟವನು ಕೋಡಂಗಿ ಎಂಬ ಗಾದೆಯ ಮೊದಲರ್ಧಕ್ಕೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಬೇರೆಲ್ಲೂ ಸಿಗಲಾರದು.

ಈ ಷರಾ ಯಾರ ಪಾಲಿಗೆ ಹೆಚ್ಚು ಬರುತ್ತದೆ ಎಂಬುದನ್ನು ಅಳೆದವರಿದ್ದಾರೆ. 8 ದೇಶಗಳ 908 ಪರಿಸರ ವಿಜ್ಞಾನಿಗಳನ್ನು ವಿಚಾರಿಸಿ 'ಪ್ಲಾಸ್ ಬಯಾಲಜಿ' ಎಂಬ ಜೀವವಿಜ್ಞಾನದ ಜರ್ನಲಿನಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಮಾತೃಭಾಷೆಯಲ್ಲದವರ ಲೇಖನಗಳು ಭಾಷೆಯ ಕಾರಣಕ್ಕೆ ತಿರಸ್ಕೃತವಾಗುವುದು ಉಳಿದವರದಕ್ಕಿಂತ ಸುಮಾರು 2.5 ಪಟ್ಟು ಹೆಚ್ಚು. ಭಾಷೆಯನ್ನು ತಿದ್ದಿ ತನ್ನಿ ಎಂಬ ಸೂಚನೆ ಬರುವುದು 12.5 ಪಟ್ಟು ಹೆಚ್ಚು. ಹೀಗೆ ಸಾಮಾನ್ಯವಾಗಿ ಕಡಿಮೆ ಅನುದಾನವಿರುವ ಕಡೆಯಿಂದ ಬರೆಯುವವರೇ ಈ ಸೇವೆಯ ಹೆಚ್ಚಿನ ಗ್ರಾಹಕರಾಗುತ್ತಾರೆ. ಮಾರುಕಟ್ಟೆ ಇದಕ್ಕಿಂತ ಪಾರದರ್ಶಕವಾಗಿ ಕೆಲಸ ಮಾಡಬೇಕೆಂದು ಬಯಸುವುದು ದುರಾಸೆಯಾದೀತು.

ಇಷ್ಟೆಲ್ಲ ಕಾವಲು ದಾಟಿ ಅಚ್ಚಾಗುವುದಾದರೂ ಏನು? ಪ್ರಾಣಿಗಳ ನಡವಳಿಕೆಗೆ ಮೀಸಲಾದ 'ಎಥಾಲಜಿ' ಎಂಬ ಜರ್ನಲಿನಲ್ಲಿ 2014ರಲ್ಲಿ ಬಂದ ಲೇಖನವೊಂದರಲ್ಲಿ, ಬೇರೊಬ್ಬ ಸಂಶೋಧಕರ ಹೆಸರು ಹಿಡಿದು, ಅವರ ಆ ಕಳಪೆ ಪ್ರಬಂಧವನ್ನು ಇಲ್ಲಿ ಉಲ್ಲೇಖಿಸಬೇಕೇ ಎಂದು ಲೇಖಕರು ತಮ್ಮತಮ್ಮಲ್ಲೇ ಕೇಳಿಕೊಂಡ ಪ್ರಶ್ನೆ ಆವರಣಚಿಹ್ನೆಯ ಸಮೇತ ಹಾಗೆಯೇ ಉಳಿದುಬಿಟ್ಟಿತ್ತು. ಲಿಥಿಯಂ ಬ್ಯಾಟರಿಗಳ ಕುರಿತು 'ಸರ್ಫೇಸಸ್ ಅಂಡ್ ಇಂಟರ್‌ಫೇಸಸ್' ಜರ್ನಲಿನಲ್ಲಿ 2024ರಲ್ಲಿ ಬಂದ ಇನ್ನೊಂದು ಲೇಖನದ ಪೀಠಿಕೆ, "ಖಂಡಿತ, ನಿಮ್ಮ ವಿಷಯಕ್ಕೆ ಹೊಂದುವ ಪೀಠಿಕೆಯೊಂದು ಇಲ್ಲಿದೆ" ಎಂಬರ್ಥದ, ಕೇಳಿದ್ದನ್ನು ಬರೆದುಕೊಡುವ ಎಐ ಯಂತ್ರದ ಮಾತಿನಿಂದಲೇ ಆರಂಭವಾಗಿತ್ತು. ಲೇಖಕರು, ಪರಿಶೀಲಕರು, ಸಂಪಾದಕರು ಎಲ್ಲರೂ ಆ ಮೊದಲ ವಾಕ್ಯವನ್ನು ದಾಟಿಯೇ ಒಳಗೆ ಹೋಗಿರಬೇಕು. ಕೂಲಿ ಕೊಟ್ಟು ಕೂರಿಸಿದ ಒಬ್ಬರು ಹೊಸ್ತಿಲಲ್ಲಿದ್ದಿದ್ದರೆ ಅಲ್ಲಿಯೇ ತಡೆಯುತ್ತಿದ್ದರು. ಈಗ ಪ್ರೂಫ್ ನೋಡುವವರ ಖರ್ಚನ್ನು ಉಳಿಸಲು ಎಲ್ಲರೂ ಆಶ್ರಯಿಸುತ್ತಿರುವುದು ಅದೇ ಯಂತ್ರವನ್ನು.

ಕೊನೆಗೆ ಎಲ್ಲವೂ ಮುಗಿದು ಲೇಖನ ಸ್ವೀಕೃತವಾಯಿತು ಎನ್ನೋಣ. ಹಣ ತೆತ್ತು ತಿದ್ದಿಸಿದ ಪ್ರತಿ ಪ್ರಕಾಶಕರ ಅಕ್ಷರಜೋಡಣೆಯ ವಿಭಾಗಕ್ಕೆ ಹೋಗಿ, ಕೋಷ್ಟಕಗಳ ಕಂಬಸಾಲುಗಳು ಅದಲುಬದಲಾಗಿ, ಲೇಖಕರ ಹೆಸರಿನ ಅಕ್ಷರವೊಂದು ಉದುರಿ, ಅಚ್ಚಿನ ಕರಡಾಗಿ ಮರಳಿ ಬರುತ್ತದೆ. ಜೊತೆಗೊಂದು ಪತ್ರವಿರುತ್ತದೆ: ಈ ಕರಡನ್ನು ದಯವಿಟ್ಟು ಅಕ್ಷರ ಬಿಡದೆ ಪರಿಶೀಲಿಸಿ 48 ಗಂಟೆಯೊಳಗೆ ಹಿಂದಿರುಗಿಸಿ, ಉತ್ತರ ಬಾರದಿದ್ದರೆ ಇದರಲ್ಲಿರುವುದೆಲ್ಲಕ್ಕೂ ತಮ್ಮ ಸಮ್ಮತಿಯಿದೆಯೆಂದು ಭಾವಿಸಲಾಗುವುದು. ಈ ಸಲದ ಪ್ರೂಫ್ ರೀಡರ್ ಲೇಖಕರೇ, ದರ ಸೊನ್ನೆ.